ಇಪ್ಪತ್ತು ಲೀಟರಿನ ಹವಳದ ತೊಟ್ಟಿ: ಕಟ್ಟುವುದು, ಕಾಪಾಡುವುದು

ಉದ್ದ, ಅಗಲ, ಎತ್ತರ ಮೂರೂ 30 ಸೆಂಟಿಮೀಟರ್ ಇರುವ ಗಾಜಿನ ತೊಟ್ಟಿಗೆ ಬಾಯಿಮಟ್ಟ ನೀರು ತುಂಬಿದರೆ 27 ಲೀಟರ್ ಹಿಡಿಯುತ್ತದೆ. ಮೇಲೆ ಮೂರು ಸೆಂಟಿಮೀಟರ್ ಬಿಟ್ಟು, ಒಳಗೆ ಕಲ್ಲು, ಮರಳು ಕೂರಿಸಿದ ಮೇಲೆ ಉಳಿಯುವ ನೀರು ಹೆಚ್ಚುಕಮ್ಮಿ 20 ಲೀಟರ್. ಮನೆಯಲ್ಲಿ ಜೀವಂತ ಹವಳ ಸಾಕುವ ಉಪ್ಪುನೀರಿನ ತೊಟ್ಟಿ ಇದು; ಇಲ್ಲಿ ಕೊಟ್ಟ ಲೆಕ್ಕವೆಲ್ಲ ಆ 20 ಲೀಟರಿಗೆ.

ಅಷ್ಟು ಸಮುದ್ರದ ನೀರಿನಲ್ಲಿ ಸುಮಾರು 700 ಗ್ರಾಂ ಲವಣ ಕರಗಿರುತ್ತದೆ. ಸಾವಿರಕ್ಕೆ 35 ಪಾಲು. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಈ ತೊಟ್ಟಿಯಲ್ಲಿ ಮಟ್ಟ ಒಂದೇ ಸೆಂಟಿಮೀಟರ್ ಇಳಿಯಿತೆಂದರೆ 900 ಎಂಎಲ್ ಹೋಯಿತು, ಉಪ್ಪಿನಂಶ 35ರಿಂದ 36.6ಕ್ಕೆ ಏರಿತು. ಫ್ಯಾನ್ ಓಡುವ ಬೇಸಿಗೆಯಲ್ಲಿ ಇದಕ್ಕೆ ಎರಡು ದಿನ ಸಾಕು. ಶುಕ್ರವಾರ ಊರಿಗೆ ಹೊರಟು ಸೋಮವಾರ ಬಂದು ನೋಡಿದರೆ 37.5ರ ಹತ್ತಿರ ಇರುತ್ತದೆ, ಬಸವನಹುಳುಗಳು ಚಿಪ್ಪಿನೊಳಗೆ ಸೇರಿಕೊಂಡಿರುತ್ತವೆ. 200 ಲೀಟರಿನ ದೊಡ್ಡ ತೊಟ್ಟಿಯಲ್ಲಿ ಅದೇ 900 ಎಂಎಲ್ ಹಾರಿದರೆ ಮೀಟರಿನಲ್ಲಿ ಗೊತ್ತೂ ಆಗದು. ಚಿಕ್ಕದು ಸುಲಭ ಎಂದುಕೊಂಡು ಶುರುಮಾಡುವವರು ಎಡವುವುದು ಇಲ್ಲೇ. ಚಿಕ್ಕ ತೊಟ್ಟಿಯಲ್ಲಿ ಖರ್ಚು ಕಡಿಮೆ, ಕೆಲಸವೂ ಕಡಿಮೆ. ಆದರೆ ಆ ಕೆಲಸ ತಪ್ಪುವಂತಿಲ್ಲ.

ಮೊದಲು ಕಾನೂನಿನ ಮಾತು

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲನೇ ಅನುಸೂಚಿಯಲ್ಲಿ ಸುಣ್ಣದ ಗೂಡು ಕಟ್ಟುವ ಗಟ್ಟಿ ಹವಳಗಳೆಲ್ಲವೂ ಇವೆ. ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸೀ ಫ್ಯಾನ್, ಕಡಲ್ಗುದುರೆ ಕೂಡ ಅದೇ ಪಟ್ಟಿಯಲ್ಲಿವೆ. ಹುಲಿ, ಆನೆಗೆ ಇರುವಷ್ಟೇ ರಕ್ಷಣೆ. ಹಾಗಾಗಿ ಮುರ್ಡೇಶ್ವರದ ಎದುರಿನ ನೇತ್ರಾಣಿಯಿಂದಾಗಲಿ, ಲಕ್ಷದ್ವೀಪದಿಂದಾಗಲಿ ಒಂದು ಹವಳದ ತುಂಡನ್ನೂ ತರುವಂತಿಲ್ಲ. ಸತ್ತು ಬೆಳ್ಳಗಾದದ್ದೂ ಬೇಡ. ಅಂಗಡಿಯಲ್ಲಿ ‘ಲೈವ್ ರಾಕ್’ ಎಂದು ಮಾರುವ ಕಲ್ಲು ಬಹಳ ಸಲ ಇಂಥದ್ದೇ. ಇಲ್ಲಿ ಹೇಳುವ ತೊಟ್ಟಿಗೆ ಸಿರಾಮಿಕ್ ಅಥವಾ ಸಿಮೆಂಟಿನಿಂದ ಮಾಡಿದ ಒಣ ಕಲ್ಲು, ಮತ್ತು ಮೆತ್ತನೆಯ ಜಾತಿಗಳಾದ ಮಶ್ರೂಮ್, ಜೊವಾಂಥಿಡ್, ಜೀನಿಯಾ ಇಷ್ಟೇ. ಇವುಗಳಿಗೂ ಎಲ್ಲಿಂದ ಬಂತು ಎಂಬುದಕ್ಕೆ ಬಿಲ್ಲು, ಕಾಗದ ಕೇಳಿ. ಮತ್ತೊಬ್ಬರ ತೊಟ್ಟಿಯಲ್ಲಿ ಬೆಳೆದು ಕತ್ತರಿಸಿದ ತುಂಡು ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು. ಅದು ಆಗಲೇ ತೊಟ್ಟಿಯ ಬಾಳಿಗೆ ಒಗ್ಗಿರುತ್ತದೆ.

ಸಾಮಾನು

ತುಂಬಿದ ತೊಟ್ಟಿ 35 ಕಿಲೋದ ಹತ್ತಿರ ತೂಗುತ್ತದೆ. ಮೇಜು ಅಲುಗಾಡಬಾರದು, ಮಟ್ಟವಾಗಿರಬೇಕು. ಕೆಳಗೆ ಫೋಮ್ ಹಾಳೆ ಹಾಸಿ. ಕಿಟಕಿಯ ಬಿಸಿಲು ಬೀಳುವ ಕಡೆ ಬೇಡ, ಒಗ್ಗರಣೆಯ ಹೊಗೆ ಬರುವ ಕಡೆಯೂ ಬೇಡ. ಸೊಳ್ಳೆ ಓಡಿಸುವ ಲಿಕ್ವಿಡ್ ಮೆಷಿನ್ ಇರುವ ಕೋಣೆಯಂತೂ ಬೇಡವೇ ಬೇಡ: ಅದರಲ್ಲಿರುವ ಪೈರೆಥ್ರಾಯ್ಡ್ ಸೊಳ್ಳೆಗೆ ಮಾಡುವುದನ್ನೇ ಸಿಗಡಿಗೂ ಮಾಡುತ್ತದೆ. ಜಿರಲೆ ಸ್ಪ್ರೇ, ಸೊಳ್ಳೆ ಬತ್ತಿಗೂ ಇದೇ ಮಾತು.

ಫಿಲ್ಟರ್: ಗಾಜಿನ ಅಂಚಿಗೆ ನೇತುಹಾಕುವಂಥದ್ದು, ಗಂಟೆಗೆ 300ರಿಂದ 400 ಲೀಟರ್ ಎಳೆಯುವುದು. ಜೊತೆಗೆ ಬರುವ ಸ್ಪಾಂಜನ್ನು ತೆಗೆದಿಡಿ. ಅದರ ಜಾಗದಲ್ಲಿ ಬಿಳಿ ಹತ್ತಿಯಂಥ ಫಿಲ್ಟರ್ ಫ್ಲಾಸ್ ಹಾಕಿ ವಾರಕ್ಕೆರಡು ಸಲ ಎಸೆದು ಹೊಸದು ಹಾಕುವುದು ಮೇಲು. ತಿಂಗಳುಗಟ್ಟಲೆ ತೊಳೆಯದ ಸ್ಪಾಂಜಿನಲ್ಲಿ ಕಸ ಕೊಳೆತು ನೈಟ್ರೇಟ್ ಏರುತ್ತದೆ. ಪಕ್ಕದಲ್ಲಿ ಒಂದು ಸಣ್ಣ ಜಾಲರಿ ಚೀಲದಲ್ಲಿ ಎರಡು ಚಮಚ ಆಕ್ಟಿವೇಟೆಡ್ ಕಾರ್ಬನ್, ತಿಂಗಳಿಗೊಮ್ಮೆ ಹೊಸದು. ನೊರೆಯ ಜೊತೆ ಹೊಲಸನ್ನು ಎತ್ತಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಈ ಗಾತ್ರಕ್ಕೆ ದಂಡ. ವಾರಕ್ಕೊಮ್ಮೆ ನೀರು ಬದಲಿಸಿದರೆ ಅದೇ ಕೆಲಸ ಆಗುತ್ತದೆ.

ಲೈಟು: ನೀಲಿ ಹೆಚ್ಚಿರುವ 10ರಿಂದ 20 ವ್ಯಾಟಿನ ರೀಫ್ (ಹವಳದ ತೊಟ್ಟಿಯ) ಎಲ್‌ಇಡಿ, ಟೈಮರ್ ಜೊತೆ, ದಿನಕ್ಕೆ 8 ಗಂಟೆ. ಮೊದಲು ಶೇ. 30ರಲ್ಲಿ ಇಟ್ಟು ಒಂದು ತಿಂಗಳಲ್ಲಿ ನಿಧಾನಕ್ಕೆ ಏರಿಸಿ.

ಹೀಟರ್ 25 ವ್ಯಾಟಿನದು ಸಾಕು. ದೊಡ್ಡದು ತಂದರೆ ಬೇಗ ಬಿಸಿಯಾಗುತ್ತದಲ್ಲ ಎನ್ನಬೇಡಿ. ಹೀಟರಿನ ಥರ್ಮೋಸ್ಟಾಟ್ ಕೆಟ್ಟರೆ ಸಾಮಾನ್ಯವಾಗಿ ‘ಆನ್’ನಲ್ಲೇ ಸಿಕ್ಕಿಕೊಳ್ಳುತ್ತದೆ. 25 ವ್ಯಾಟಿನದಾದರೆ ನಿಮ್ಮ ಕಣ್ಣಿಗೆ ಬೀಳುವಷ್ಟು ಸಮಯ ಸಿಗುತ್ತದೆ, 100 ವ್ಯಾಟಿನದು ರಾತ್ರಿ ಕಳೆಯುವುದರೊಳಗೆ ಬೇಯಿಸಿಬಿಡುತ್ತದೆ. ಬೆಂಗಳೂರು, ಮೈಸೂರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಿಗೆ ಹೀಟರ್ ಬೇಕೇ ಬೇಕು. ಕರಾವಳಿಯಲ್ಲಿ ಅದರ ಕೆಲಸ ಕಡಿಮೆ.

ನಮ್ಮ ಕಡೆ ನಿಜವಾದ ತೊಂದರೆ ಸೆಕೆ. ನೀರು 25ರಿಂದ 27 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. 29 ದಾಟಿ ದಿನಗಟ್ಟಲೆ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಗೆ ಹಾಕಿ ಬಿಳಿಚಿಕೊಳ್ಳಲು ಶುರುವಾಗುತ್ತದೆ. ಕಂಪ್ಯೂಟರಿನ 12 ವೋಲ್ಟ್ ಫ್ಯಾನನ್ನು ನೀರಿನ ಮೇಲ್ಮೈಗೆ ಅಡ್ಡಲಾಗಿ ಬೀಸುವಂತೆ ಕಟ್ಟಿದರೆ 2ರಿಂದ 3 ಡಿಗ್ರಿ ಇಳಿಯುತ್ತದೆ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವ ಲೆಕ್ಕವೇ ಇದು: ಆವಿ ಹೋಗುವಾಗ ಬಿಸಿಯನ್ನೂ ಒಯ್ಯುತ್ತದೆ. ಅದಕ್ಕೇ ಬೆಂಗಳೂರಿನ ಒಣ ಏಪ್ರಿಲ್‌ನಲ್ಲಿ ಫ್ಯಾನ್ ಚೆನ್ನಾಗಿ ಕೆಲಸ ಮಾಡುತ್ತದೆ, ಗಾಳಿಯೇ ಒದ್ದೆಯಾಗಿರುವ ಮಂಗಳೂರಿನಲ್ಲಿ ಮಾಡುವುದಿಲ್ಲ. ಕಲಬುರಗಿಯಲ್ಲಿ ಗಾಳಿ ಒಣಗಿದ್ದರೂ ಕೋಣೆಯೇ 40 ಡಿಗ್ರಿ ಕಾದಿದ್ದರೆ ಫ್ಯಾನ್ ಸಾಲದು. ಎಸಿ ಅಥವಾ ಚಿಲ್ಲರ್ ಇಲ್ಲದೆ ಆ ಬಿಸಿಲಲ್ಲಿ ಈ ಸಾಹಸಕ್ಕೆ ಇಳಿಯಬೇಡಿ.

ಪ್ರತಿ ವೈರೂ ಪ್ಲಗ್ಗಿನ ಮಟ್ಟಕ್ಕಿಂತ ಕೆಳಗೆ ಜೋಲುಬಿದ್ದು ಮತ್ತೆ ಮೇಲೇರಬೇಕು, ಜಾರಿಬಂದ ನೀರು ಅಲ್ಲೇ ತೊಟ್ಟಿಕ್ಕುವಂತೆ. ಉಪ್ಪುನೀರಿಗೆ ವಿದ್ಯುತ್ತು ಬಹಳ ಸಲೀಸು. ಮನೆಯಲ್ಲಿ ವಿದ್ಯುತ್ತು ಸೋರಿದ ಕೂಡಲೇ ಕರೆಂಟು ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ, ತೊಟ್ಟಿ ಆಮೇಲೆ.

ನೀರು

ನಲ್ಲಿ ನೀರಿನಲ್ಲಿ ಕ್ಲೋರಿನ್, ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್, ಸಿಲಿಕಾ ಮತ್ತು ಸಾವಿರದವರೆಗೂ ಹೋಗುವ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ). ಎರಡೂ ಆಗುವುದಿಲ್ಲ. ಬೇಕಾದ್ದು ಆರ್‌ಒ ಆದ ಮೇಲೆ ಉಳಿದ ಲವಣವನ್ನೂ ಹಿಡಿದಿಡುವ ಡಿಐ ರೆಸಿನ್ ದಾಟಿ ಬಂದ, ಟಿಡಿಎಸ್ ಮೀಟರ್ ಸೊನ್ನೆ ತೋರಿಸುವ ನೀರು. ಮುಂದೆ ಆರ್‌ಒಡಿಐ ಎಂದರೆ ಇದೇ.

ಅಡುಗೆಮನೆಯ ಆರ್‌ಒ ಇದೆಯಲ್ಲ ಎಂದರೆ, ಅದರಲ್ಲಿ ಎರಡು ಮೋಸಗಳಿವೆ. ಒಂದು, ರುಚಿಗೆಂದು ಶೋಧಿಸದ ನೀರನ್ನು ಸ್ವಲ್ಪ ಬೆರೆಸುವ ಟಿಡಿಎಸ್ ಕಂಟ್ರೋಲರ್. ಎರಡನೆಯದು ಕೊಲ್ಲುವಂಥದ್ದು: ಈಚಿನ ಎಷ್ಟೋ ಮಾದರಿಗಳಲ್ಲಿ ಆರೋಗ್ಯಕ್ಕೆಂದು ತಾಮ್ರ ಬೆರೆಸುವ ಕಾರ್ಟ್ರಿಜ್ ಇರುತ್ತದೆ. ಮನುಷ್ಯರಿಗೆ ಏನೂ ಆಗದಷ್ಟು ತಾಮ್ರ ಬಸವನಹುಳು, ಸಿಗಡಿ, ಹವಳಗಳಿಗೆ ವಿಷ. ತಾಮ್ರದ ಹಂಡೆಯಲ್ಲಿ ಹಿಡಿದಿಟ್ಟ ನೀರೂ ಹಾಗೆಯೇ. ಮನೆಯ ಆರ್‌ಒ ಬಳಸಲೇಬೇಕಿದ್ದರೆ ಮೆಂಬ್ರೇನಿನಿಂದ ನೇರ ಬರುವ ಪೈಪಿಗೆ, ಅಂದರೆ ಕಂಟ್ರೋಲರ್, ತಾಮ್ರ, ಮಿನರಲ್ ಇವೆಲ್ಲಕ್ಕಿಂತ ಮೊದಲೇ, ಟಿ ಜಾಯಿಂಟ್ ಹಾಕಿಸಿ ಅಲ್ಲೊಂದು ಡಿಐ ಕಾರ್ಟ್ರಿಜ್ ಕೂರಿಸಿ. ತಿಂಗಳಿಗೆ ಬೇಕಾಗುವುದು ಸುಮಾರು 30 ಲೀಟರ್: ನೀರು ಬದಲಿಸಲು 16, ಆವಿಯಾದದ್ದನ್ನು ತುಂಬಲು 12ರಿಂದ 14. ಬಾಟಲಿಯ ಕುಡಿಯುವ ನೀರಿಗೆ ಮಿನರಲ್ ಬೆರೆಸಿರುತ್ತಾರೆ, ಅದು ಬೇಡ.

ಉಪ್ಪು ರೀಫ್ ತೊಟ್ಟಿಗೆಂದೇ ಮಾಡಿದ ಮರೀನ್ ಸಾಲ್ಟ್ ಮಿಕ್ಸ್ ಆಗಿರಬೇಕು. ‘ಕಲ್ಲುಪ್ಪು ಸಮುದ್ರದಿಂದಲೇ ತಾನೆ ಬರುವುದು’ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಹೌದು, ಆದರೆ ಉಪ್ಪಿನಾಗರದಲ್ಲಿ ಹರಳು ಕಟ್ಟುವುದು ಹೆಚ್ಚಿನಂಶ ಸೋಡಿಯಂ ಕ್ಲೋರೈಡ್ ಮಾತ್ರ. ಕ್ಯಾಲ್ಸಿಯಂ ಅದಕ್ಕೂ ಮೊದಲೇ ತಳ ಸೇರಿರುತ್ತದೆ, ಮೆಗ್ನೀಸಿಯಂ ಕೊನೆಯ ಕಹಿನೀರಿನ ಜೊತೆ ಹೊರಗೆ ಹೋಗುತ್ತದೆ. ಹವಳಕ್ಕೆ ಬೇಕಾದ್ದು ಆ ಎರಡೂ. ಕರಾವಳಿಯವರು ಸಮುದ್ರದ ನೀರನ್ನೇ ತರಬಹುದಲ್ಲ ಎನ್ನಬಹುದು. ಅಳಿವೆಗಳ ಹತ್ತಿರ, ಅದರಲ್ಲೂ ಮಳೆಗಾಲದಲ್ಲಿ, ಆ ನೀರು ಅರ್ಧ ನದಿಯದೇ. ದಡದಲ್ಲಿ ಬೋಟಿನ ಡೀಸೆಲ್ ಬೇರೆ.

ಕಲಸುವ ಕ್ರಮ ಹೀಗೆ. ಹೊಸ ಬಕೆಟ್, ಸೋಪು ಕಾಣದ್ದು. ಮೊದಲು 20 ಲೀಟರ್ ನೀರು, ಅದರಲ್ಲಿ ಸಣ್ಣ ಪಂಪ್ ಓಡುತ್ತಿರಲಿ. ಕಂಪನಿಗೆ ತಕ್ಕಂತೆ ಲೀಟರಿಗೆ 36ರಿಂದ 40 ಗ್ರಾಂ ಬೇಕು, ಒಟ್ಟು 750 ಗ್ರಾಂ ಆಸುಪಾಸು. ನಾಲ್ಕೈದು ಸಲವಾಗಿ ಉದುರಿಸಿ. ಉಪ್ಪು ಹಾಕಿ ಅದರ ಮೇಲೆ ನೀರು ಸುರಿದರೆ ತಳದಲ್ಲಿ ಗಟ್ಟಿ ಉಪ್ಪುನೀರಾಗಿ ಕ್ಯಾಲ್ಸಿಯಂ, ಕಾರ್ಬೊನೇಟ್ ಒಂದಕ್ಕೊಂದು ಅಂಟಿಕೊಂಡು ಬಿಳಿ ಹಿಟ್ಟಾಗಿ ಕೂರುತ್ತದೆ. ಅದು ಮತ್ತೆ ಕರಗದು. ಕೆಲವು ಗಂಟೆ ತಿರುಗಲು ಬಿಟ್ಟು ಅಳೆಯಿರಿ. ಉಪ್ಪಿನ ಪಾಕೀಟನ್ನು ಪ್ರತಿ ಸಲ ಅಲುಗಿಸಿ ಬಳಸಿ, ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿಡಿ. ಒಮ್ಮೆ ಗಡ್ಡೆಕಟ್ಟಿದ್ದನ್ನು ತೂಗಿ ಹಾಕಿದರೆ ಲೆಕ್ಕ ತಪ್ಪುತ್ತದೆ.

ಅಳೆಯಲು, ಬೆಳಕು ಬಾಗುವುದನ್ನು ನೋಡಿ ಉಪ್ಪಿನಂಶ ಹೇಳುವ ರಿಫ್ರಾಕ್ಟೋಮೀಟರ್ ಬೇಕು. ಶುದ್ಧ ನೀರಿನಲ್ಲಿ ಸೊನ್ನೆಗೆ ಹೊಂದಿಸಿದ ಮಾತ್ರಕ್ಕೆ ಅದು 35ರಲ್ಲಿ ಸರಿ ಹೇಳುತ್ತದೆ ಎಂದೇನಿಲ್ಲ. ಚೆನ್ನಾಗಿ ಒಣಗಿದ ಅಡುಗೆಉಪ್ಪು 3.65 ಗ್ರಾಂ, ಆರ್‌ಒಡಿಐ ನೀರು 96.35 ಗ್ರಾಂ ಬೆರೆಸಿ. ಈ ದ್ರಾವಣ ಬೆಳಕನ್ನು ಬಾಗಿಸುವುದು 35ರ ಸಮುದ್ರದ ನೀರಿನಷ್ಟೇ. ಎರಡು ಹನಿ ಗಾಜಿನ ಮೇಲೆ ಹಾಕಿ, ಅರ್ಧ ನಿಮಿಷ ಬಿಟ್ಟು, ಸ್ಕ್ರೂ ತಿರುಗಿಸಿ ಗೆರೆಯನ್ನು 35ಕ್ಕೆ ತನ್ನಿ. ತಿಂಗಳಿಗೊಮ್ಮೆ ಇದನ್ನು ಮಾಡಿ. ಇದು ಮೀಟರಿಗೆ ಮಾತ್ರ, ತೊಟ್ಟಿಗೆ ಸುರಿಯುವಂಥದ್ದಲ್ಲ.

ಕಲ್ಲು, ಮರಳು, ಕಾಯುವ ಕಾಲ

ಎರಡು ಕಿಲೋ ಕಲ್ಲು. ಗೋಡೆಯಂತೆ ಒಟ್ಟದೆ, ಹಿಂದೆ ಮುಂದೆ ನೀರು ಆಡುವಂತೆ, ಗಾಜಿಗೆ ತಾಗದಂತೆ ಕಮಾನು ಕೂರಿಸಿ. ಗಾಜು ಉಜ್ಜಲು ಬೆರಳು ಹೋಗುವಷ್ಟು ಸಂದು ಬೇಕು. ಕಲ್ಲು ಮೊದಲು, ಮರಳು ಆಮೇಲೆ. ಸುಣ್ಣದಂಶದ ಅರಗೊನೈಟ್ ಮರಳು ಎರಡು ಕಿಲೋ ಹಾಕಿದರೆ ಒಂದೂವರೆ ಸೆಂಟಿಮೀಟರ್ ದಪ್ಪ ಬರುತ್ತದೆ. ಕಟ್ಟಡದ ಮರಳು, ಎಂ-ಸ್ಯಾಂಡ್ ಬೇಡ. ನೀರನ್ನು ತಟ್ಟೆಯ ಮೇಲೆ ಸುರಿದರೆ ಮರಳು ಕದಡುವುದಿಲ್ಲ.

ಇನ್ನು ಬ್ಯಾಕ್ಟೀರಿಯಾ ಬೆಳೆಯಬೇಕು. ಹೊಲಸಿನಿಂದ ಹುಟ್ಟುವ ಅಮೋನಿಯವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಅವಕ್ಕೆ ಮೊದಲ ಊಟವಾಗಿ ಅಮೋನಿಯಂ ಕ್ಲೋರೈಡ್ ಕೊಡಿ. ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರ ಇದೇ ವಸ್ತು, ಆದರೆ ಅದರ ಶುದ್ಧತೆ ನಂಬುವಂತಿಲ್ಲ. ಲ್ಯಾಬ್ ಕೆಮಿಕಲ್ ಅಂಗಡಿಯದು ತನ್ನಿ. 6.3 ಗ್ರಾಂ ಅನ್ನು ಅರ್ಧ ಲೀಟರ್ ನೀರಿನಲ್ಲಿ ಕರಗಿಸಿಡಿ. ಇದರ 10 ಎಂಎಲ್ ಹಾಕಿದರೆ 20 ಲೀಟರಿನಲ್ಲಿ ಅಮೋನಿಯ 2 ಪಿಪಿಎಂ (ಹತ್ತು ಲಕ್ಷಕ್ಕೆ 2 ಪಾಲು) ಆಗುತ್ತದೆ. ಬಾಟಲಿ ಬ್ಯಾಕ್ಟೀರಿಯಾ ಸಿಕ್ಕರೆ ಅದೇ ದಿನ ಸುರಿಯಿರಿ. ಲೈಟು ಆರಿಸಿಯೇ ಇಡಿ.

ಮೂರು ದಿನಕ್ಕೊಮ್ಮೆ ಟೆಸ್ಟ್ ಮಾಡಿ. ಅಮೋನಿಯ ಇಳಿದಂತೆ ನೈಟ್ರೈಟ್ ಏರುತ್ತದೆ, ಆಮೇಲೆ ಅದೂ ಇಳಿಯುತ್ತದೆ. 10 ಎಂಎಲ್ ಹಾಕಿದ ಅಮೋನಿಯ 24 ಗಂಟೆಯಲ್ಲಿ ಸೊನ್ನೆಯಾಯಿತು ಅಂದರೆ ತೊಟ್ಟಿ ಸಿದ್ಧ. ಒಣ ಕಲ್ಲಿನಲ್ಲಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆಗ ಒಮ್ಮೆ ಅರ್ಧ ನೀರು ಬದಲಿಸಿ, ಲೈಟು ಹಚ್ಚಿ.

ಯಾರನ್ನು ಬಿಡುವುದು

ಮೊದಲು ಮೂರು ಬಸವನಹುಳು, ಇಬ್ಬರು ಸನ್ಯಾಸಿ ಏಡಿಗಳು. ಹದಿನೈದು ದಿನ ಬಿಟ್ಟು ಮಶ್ರೂಮ್ ಹವಳ. ಇಷ್ಟು ಸಹನೆಯ ಪ್ರಾಣಿ ಬೇರೆ ಇಲ್ಲ, ಬೆಳಕು ಕಡಿಮೆ ಇರುವ ತಳದಲ್ಲಿಡಿ. ನಂತರ ಜೊವಾಂಥಿಡ್. ಜೀನಿಯಾ ಚೆಲುವಾಗಿ ಮಿಡಿಯುತ್ತದೆ, ಆದರೆ ಇಡೀ ಕಲ್ಲನ್ನು ಆಕ್ರಮಿಸುತ್ತದೆ. ಬೇರೆಯಾಗಿ ನಿಂತ ಕಲ್ಲಿನ ಮೇಲಷ್ಟೇ ಇರಲಿ. ತಿಂಗಳಾದ ಮೇಲೆ ಒಂದು ಸಣ್ಣ ಸಿಗಡಿ.

ಮೀನು? ಬೇಡ ಎಂಬುದೇ ನಮ್ಮ ಮಾತು. ಎಲ್ಲರೂ ಕೇಳುವ ಕ್ಲೌನ್ ಮೀನಿಗೆ 60 ಲೀಟರಿಗಿಂತ ಕಡಿಮೆ ಸಾಲದು. ಮೀನಿಗೆ ದಿನವೂ ಊಟ ಹಾಕಬೇಕು, ಆ ಊಟವೇ ಈ ತೊಟ್ಟಿಯನ್ನು ಕೆಡಿಸುತ್ತದೆ. ಮೀನಿಲ್ಲದ ತೊಟ್ಟಿಗೆ ವಾರಕ್ಕೆರಡು ಸಲ ಸಾಸಿವೆ ಕಾಳಿನಷ್ಟು ಆಹಾರ ಸಾಕು.

ತಂದ ಪ್ರಾಣಿಯ ಚೀಲವನ್ನು 20 ನಿಮಿಷ ನೀರಲ್ಲಿ ತೇಲಿಬಿಟ್ಟು, ಒಂದು ಬಟ್ಟಲಿಗೆ ಸುರಿದು, ಗಂಟುಹಾಕಿದ ಏರ್ ಪೈಪಿನಿಂದ ತೊಟ್ಟಿಯ ನೀರು ಸೆಕೆಂಡಿಗೆ ಎರಡು ಹನಿಯಂತೆ ಒಂದು ಗಂಟೆ ಬೀಳಲಿ. ಅಂಗಡಿಯ ನೀರು ಒಂದು ತೊಟ್ಟೂ ಒಳಗೆ ಬೇಡ. ಮೀನಿನ ರೋಗಕ್ಕೆ ಅದರಲ್ಲಿ ತಾಮ್ರ ಹಾಕಿರಬಹುದು.

ಜೊವಾಂಥಿಡ್ ಮುಟ್ಟುವಾಗ ಕೈಗವಸು, ಕನ್ನಡಕ ಕಡ್ಡಾಯ. ಇವುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಜೊವಾಂಥಿಡ್ ಅಂಟಿದ ಕಲ್ಲನ್ನು ಕುದಿಸುವುದು, ಒಣಗಿದ ಮೇಲೆ ಬ್ರಷ್ಷಿನಿಂದ ಉಜ್ಜುವುದು ಎರಡೂ ಕೂಡದು. ಆವಿ, ಧೂಳು ಎದೆಗೆ ಹೋದರೆ ಆಸ್ಪತ್ರೆಯೇ ಗತಿ.

ದಿನದ ಕೆಲಸ, ಶನಿವಾರದ ಕೆಲಸ

ಗಾಜಿನ ಹೊರಗೆ ನೀರಿನ ಮಟ್ಟಕ್ಕೆ ಸರಿಯಾಗಿ ಒಂದು ಟೇಪು ಅಂಟಿಸಿ. ದಿನವೂ ಅದೇ ಹೊತ್ತಿಗೆ ಆ ಗೆರೆಯವರೆಗೆ ಸಿಹಿನೀರು, ಅಂದರೆ ಆರ್‌ಒಡಿಐ, ಫಿಲ್ಟರಿನ ಹರಿವಿನ ಹತ್ತಿರ ಸುರಿಯಿರಿ. ಉಪ್ಪುನೀರು ಸುರಿದರೆ ಉಪ್ಪು ಏರುತ್ತಲೇ ಹೋಗುತ್ತದೆ. ಹೊಸಬರು ಮಾಡುವ ಮೊದಲ ತಪ್ಪು ಇದು. ಅಂಚಿನಲ್ಲಿ ಕಟ್ಟಿದ ಬಿಳಿ ಉಪ್ಪಿನ ಹೊಪ್ಪಳೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಳಗೆ ಬೀಳಿಸಬೇಡಿ. ತಾನಾಗಿ ತುಂಬುವ ಆಟೋ ಟಾಪ್‌ಆಫ್ ಹಾಕುವುದಾದರೆ ಅದರ ಡಬ್ಬಿ 2 ಲೀಟರಿಗಿಂತ ದೊಡ್ಡದಿರಬಾರದು. ಸೆನ್ಸರಿನ ಮೇಲೆ ಬಸವನಹುಳು ಹತ್ತಿ ಕುಳಿತು ಡಬ್ಬಿಯೆಲ್ಲ ಖಾಲಿಯಾದರೂ ಉಪ್ಪಿನಂಶ 32ರ ಹತ್ತಿರ ನಿಲ್ಲುತ್ತದೆ, ಯಾರೂ ಸಾಯುವುದಿಲ್ಲ. 10 ಲೀಟರಿನ ಕ್ಯಾನ್ ಇಟ್ಟಿದ್ದರೆ ನೀರು ನೆಲಕ್ಕೂ ಬರುತ್ತದೆ, ತೊಟ್ಟಿಯೂ ಹೋಗುತ್ತದೆ.

ವಾರಕ್ಕೊಮ್ಮೆ 4 ಲೀಟರ್ ಬದಲಾವಣೆ. ಹಿಂದಿನ ರಾತ್ರಿ 150 ಗ್ರಾಂ ಉಪ್ಪು ಕಲಸಿಡಿ. ಕೈಯನ್ನು ಸೋಪಿಲ್ಲದೆ ತೊಳೆದು ಹೀಟರ್, ಫಿಲ್ಟರ್ ಆರಿಸಿ. ಗಾಜು ಉಜ್ಜಿ. ಅಡುಗೆಗೆ ಬಳಸದ ಒಂದು ಪಿಚಕಾರಿ ಬಲ್ಬಿನಿಂದ ಕಲ್ಲಿನ ಸಂದುಗಳಿಗೆ ನೀರು ಊದಿದರೆ ಕಂದು ಹುಡಿ ಏಳುತ್ತದೆ. ಅದು ಕೂರುವ ಮೊದಲೇ ಏರ್ ಪೈಪಿನಿಂದ ಎಳೆದು ತೆಗೆಯಿರಿ. ಬಕೆಟಿನಲ್ಲಿ 4 ಲೀಟರಿನ ಗೆರೆ ಮೊದಲೇ ಹಾಕಿರಲಿ. ಹೊಸ ನೀರು ಬಿಸಿಯಲ್ಲಿ ಒಂದು ಡಿಗ್ರಿಯೊಳಗೆ, ಉಪ್ಪಿನಲ್ಲಿ ತೊಟ್ಟಿಗೆ ಸಮ ಇದೆಯೇ ನೋಡಿ ಸುರಿಯಿರಿ. ಎಲ್ಲ ಸೇರಿ ಅರ್ಧ ಗಂಟೆ.

ಮೆತ್ತನೆ ಹವಳಗಳಿಗೆ ಕ್ಯಾಲ್ಸಿಯಂ 400ರಿಂದ 440 ಪಿಪಿಎಂ, ಮೆಗ್ನೀಸಿಯಂ 1300, ಕ್ಷಾರಾಂಶ 8ರಿಂದ 9 ಡಿಕೆಎಚ್ (ಕ್ಷಾರಾಂಶ ಅಳೆಯುವ ಮಾನ) ಇರಬೇಕು. ಈ ಬದಲಾವಣೆಯೇ ಅವನ್ನೆಲ್ಲ ಕಾಪಾಡುತ್ತದೆ, ಬಾಟಲಿಗಳ ಸಾಲು ಬೇಡ. ಕ್ಷಾರಾಂಶ ಇಳಿದರೆ 0.6 ಗ್ರಾಂ ಅಡುಗೆ ಸೋಡಾ 20 ಲೀಟರಿನಲ್ಲಿ 1 ಡಿಕೆಎಚ್ ಏರಿಸುತ್ತದೆ. ದಿನಕ್ಕೆ ಅಷ್ಟಕ್ಕಿಂತ ಹೆಚ್ಚು ಬೇಡ. ಬೇಕಿಂಗ್ ಪೌಡರ್ ಅಲ್ಲ, ಸೋಡಾ.

ಕೆಟ್ಟಾಗ

ಲೈಟು ಹಚ್ಚಿದ ಎರಡು, ಮೂರನೇ ವಾರದಲ್ಲಿ ಎಲ್ಲದರ ಮೇಲೂ ಕಂದು ಧೂಳು ಕೂರುತ್ತದೆ. ಉಜ್ಜಿದರೆ ಹಾರುತ್ತದೆ. ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ, ಸಿಲಿಕಾ ಮುಗಿದಾಗ ತಾನೇ ಹೋಗುತ್ತದೆ, ಏನೂ ಮಾಡಬೇಡಿ. ಕೆಂಪು ಪದರ ಹಾಲಿನ ಕೆನೆಯಂತೆ ಇಡಿಯಾಗಿ ಎದ್ದುಬಂದರೆ ಅದು ಸಯನೊಬ್ಯಾಕ್ಟೀರಿಯಾ: ಆಹಾರ ಹೆಚ್ಚಾಗಿದೆ, ಆ ಮೂಲೆಯಲ್ಲಿ ಹರಿವು ಸಾಲದು. ಎಳೆದು ತೆಗೆದು ಫಿಲ್ಟರಿನ ದಿಕ್ಕು ತಿರುಗಿಸಿ. ಕಂದು ಬಣ್ಣದ ಜೊಲ್ಲಿನ ಎಳೆಗಳು, ತುದಿಯಲ್ಲಿ ಗಾಳಿಗುಳ್ಳೆ, ರಾತ್ರಿ ಕಡಿಮೆಯಾಗಿ ಮಧ್ಯಾಹ್ನ ಮತ್ತೆ ಹಾಜರು. ಇದು ಡೈನೊಫ್ಲಾಜೆಲೇಟ್ ಎಂಬ ಒಂದೇ ಕೋಶದ ಜೀವಿ, ಮತ್ತು ಇದಕ್ಕೆ ಚಿಕಿತ್ಸೆ ಉಲ್ಟಾ. ನೈಟ್ರೇಟ್, ಫಾಸ್ಫೇಟ್ ಸೊನ್ನೆಯಾದ ಅತಿ ಶುದ್ಧ ತೊಟ್ಟಿಯಲ್ಲೇ ಇದು ಹಬ್ಬುವುದು. ಗಾಬರಿಯಿಂದ ಇನ್ನಷ್ಟು ನೀರು ಬದಲಿಸಿದರೆ ಇನ್ನಷ್ಟು ಬೆಳೆಯುತ್ತದೆ. ಬದಲಾವಣೆ ನಿಲ್ಲಿಸಿ, ಆಹಾರ ಹೆಚ್ಚಿಸಿ, ನೈಟ್ರೇಟನ್ನು 5ರಿಂದ 10 ಪಿಪಿಎಂಗೆ, ಫಾಸ್ಫೇಟನ್ನು 0.1ರ ಹತ್ತಿರಕ್ಕೆ ತನ್ನಿ.

ಪಾರದರ್ಶಕ ಕಂದು ಹೂವಿನಂಥದ್ದು ಕಲ್ಲಿನಲ್ಲಿ ಹುಟ್ಟಿ, ಮುಟ್ಟಿದರೆ ಸರಕ್ಕನೆ ಒಳಗೆ ಸೇರಿದರೆ ಅದು ಐಪ್ಟೇಸಿಯಾ ಎಂಬ ಪೀಡೆ. ಚಿವುಟಿದರೆ ಒಂದು ಹತ್ತಾಗುತ್ತದೆ. ಪಂಪ್ ಆರಿಸಿ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅನ್ನು ಮೊಸರಿನಷ್ಟು ಗಟ್ಟಿ ಕಲಸಿ ಸಿರಿಂಜಿನಿಂದ ಅದರ ಬಾಯಿಗೇ ಇಡಿ. ವೀಳ್ಯದೆಲೆಗೆ ಹಚ್ಚುವ ಸುಣ್ಣವೂ ಇದೇ, ಬೆರಕೆಯ ಭಯಕ್ಕೆ ಶುದ್ಧ ಪುಡಿ ಮೇಲು. ಈ ಗಾತ್ರದ ತೊಟ್ಟಿಯಲ್ಲಿ ದಿನಕ್ಕೆ ಒಂದೋ ಎರಡೋ ಮಾತ್ರ, ಹೆಚ್ಚಾದರೆ ಪಿಎಚ್ ಹಾರುತ್ತದೆ.

ಕರೆಂಟು ಹೋದಾಗ ಬ್ಯಾಟರಿಯ ಏರ್ ಪಂಪ್ ಹಾಕಿ. ಫಿಲ್ಟರನ್ನು ಯುಪಿಎಸ್‌ಗೆ ಸೇರಿಸಬಹುದು, ಅದು ನಾಲ್ಕೈದು ವ್ಯಾಟ್ ಅಷ್ಟೇ. ಹಲವು ಗಂಟೆ ನಿಂತಿದ್ದ ಫಿಲ್ಟರನ್ನು ಹಾಗೇ ಶುರುಮಾಡಬೇಡಿ; ಒಳಗೆ ನಿಂತ ನೀರು ಕೊಳೆತಿರುತ್ತದೆ. ಅದನ್ನು ಚೆಲ್ಲಿ, ಫ್ಲಾಸ್ ಬದಲಿಸಿ, ತೊಟ್ಟಿಯ ನೀರು ತುಂಬಿಸಿ ಹಚ್ಚಿ.

ಊರಿಗೆ ಹೋಗುವಾಗ

ಹೊರಡುವ ಮೊದಲು ಒಂದು ವಾರ ದಿನಕ್ಕೆ ಎಷ್ಟು ನೀರು ಇಳಿಯುತ್ತದೆ ಎಂದು ಬರೆದಿಡಿ. ಅಷ್ಟಷ್ಟೇ ಆರ್‌ಒಡಿಐ ನೀರನ್ನು ಒಂದೊಂದು ಬಾಟಲಿಗೆ ತುಂಬಿ, ಮೇಲೆ ಸೋಮವಾರ, ಮಂಗಳವಾರ ಎಂದು ಬರೆದು, ಬೀಗದ ಕೈ ಜೊತೆ ಪಕ್ಕದ ಮನೆಯವರಿಗೆ ಕೊಡಿ. ಒಂದು ದಿನಕ್ಕೆ ಒಂದು ಬಾಟಲಿ, ಮರೆತ ದಿನದ್ದನ್ನು ಮರುದಿನ ಸೇರಿಸಿ ಸುರಿಯಬಾರದು, ಟೇಪಿನ ಗೆರೆ ದಾಟಬಾರದು. ಆಹಾರದ ಡಬ್ಬಿಯನ್ನು ಮಾತ್ರ ಅವರ ಕಣ್ಣಿಗೆ ಬೀಳದ ಕಡೆ ಬಚ್ಚಿಡಿ.